ಲಂಟಾನ ಪೊದೆಗೆ ಯಾವ ಬ್ಲೇಡ್? ಟ್ರ್ಯಾಕ್ಟರ್ ಫ್ಲೇಲ್ ಮೋವರ್‌ಗೆ ಬ್ಲೇಡ್ ಆರಿಸಿ, ಜೋಡಿಸಿ, ಓಡಿಸುವ ಸಮಗ್ರ ಮಾರ್ಗದರ್ಶಿ

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ರೈತರಿಂದ ಒಂದೇ ದೂರು ಮತ್ತೆ ಮತ್ತೆ ಬರುತ್ತಿದೆ. ಫ್ಲೇಲ್ ಮೋವರ್ ತಂದು ಪಾಳು ಬಿದ್ದ ಜಾಗಕ್ಕೆ ಇಳಿಸಿದರು, ಅರ್ಧ ಎಕರೆ ಮುಗಿಯುವ ಮೊದಲೇ ಬ್ಲೇಡ್ ಬಾಗಿತು ಇಲ್ಲವೇ ಬೋಲ್ಟ್ ತುಂಡಾಯಿತು. ಹೋದ ಬ್ಲೇಡ್ ಜಾಗಕ್ಕೆ ಸಿಕ್ಕಿದ್ದನ್ನು ಹಾಕಿದರು. ಆಮೇಲೆ ಇಡೀ ಯಂತ್ರ ನಡುಗಲು ಶುರುವಾಗಿ ಬೇರಿಂಗ್ ಹೋಯಿತು. ಬೈಗುಳ ಮಾತ್ರ ಯಂತ್ರಕ್ಕೆ.

ಯಂತ್ರದ ತಪ್ಪು ಇಲ್ಲಿ ಕಡಿಮೆ. ಕೆಲಸದ ಕ್ರಮ ತಲೆಕೆಳಗಾಗಿದೆ. ಮೊದಲು ನೆಲ ನೋಡಬೇಕು, ಆಮೇಲೆ ಗಿಡದ ದಪ್ಪ, ಆಮೇಲೆ ಟ್ರ್ಯಾಕ್ಟರ್ ಶಕ್ತಿ. ಬ್ಲೇಡ್ ಯಾವುದು ಅನ್ನುವುದು ಈ ಮೂರೂ ಗೊತ್ತಾದ ಮೇಲೆ ತಾನಾಗಿ ತೀರ್ಮಾನವಾಗುತ್ತದೆ. ಅಂಗಡಿಯಲ್ಲಿ ಇದನ್ನು ಮಲ್ಚರ್ ಅಂತ ಕರೆದರೂ ಇಲ್ಲಿ ಹೇಳುವುದು ಅಡ್ಡಲಾಗಿ ಸುತ್ತುವ ಉರುಳೆಗೆ, ಅಂದರೆ ರೋಟರಿಗೆ, ಬ್ಲೇಡ್‌ಗಳು ನೇತಾಡುವ ಯಂತ್ರದ ಬಗ್ಗೆ. ಕೆಳಗೆ ಒಂದೋ ಎರಡೋ ಉದ್ದ ಬ್ಲೇಡ್ ಚಪ್ಪಟೆಯಾಗಿ ಸುತ್ತುವ ಸ್ಲ್ಯಾಷರ್‌ಗೆ ಈ ಲೆಕ್ಕ ಹೊಂದುವುದಿಲ್ಲ.

ಹಂತ 1: ಜಾಗವನ್ನು ನಡೆದು ನೋಡಿ

ಬೇಕಾದ ಸಾಮಾನು: ಮಚ್ಚು, ಹಾರೆ, ಬಟ್ಟೆ ಕಟ್ಟಿದ ಬಿದಿರು ಕಡ್ಡಿಗಳು, ಒಂದು ತುಂಡು ಹಲಗೆ. ಹಲಗೆಯ ಅಂಚಿನಲ್ಲಿ 2 ಸೆಂ.ಮೀ ಅಗಲದ ಒಂದು ಕಚ್ಚು, 4 ಸೆಂ.ಮೀ ಅಗಲದ ಇನ್ನೊಂದು ಕಚ್ಚು ಹೊಡೆಸಿಕೊಳ್ಳಿ. ಮುಂದಿನ ಎಲ್ಲ ತೀರ್ಮಾನಕ್ಕೂ ಇದೇ ಅಳತೆಗೋಲು.

ಪೊದೆಯೊಳಗೆ ಅಲ್ಲಲ್ಲಿ ನುಗ್ಗಿ, ನೆಲದಿಂದ ಒಂದು ಗೇಣು ಮೇಲೆ ಕಾಂಡಕ್ಕೆ ಹಲಗೆ ಹಿಡಿಯಿರಿ. ಹೆಚ್ಚಿನ ಕಾಂಡಗಳು 2 ಸೆಂ.ಮೀ ಕಚ್ಚಿನೊಳಗೆ ಸಲೀಸಾಗಿ ಕೂರುತ್ತವೆಯೇ? 4ರಲ್ಲಿ ಕೂರುತ್ತವೆಯೇ? 4ರಲ್ಲೂ ಕೂರದೆ ಹೊರಗೆ ಉಳಿಯುವವು ಎಷ್ಟು? ಪೊದೆಯ ಎತ್ತರ ನೋಡಿ ಅಂದಾಜು ಮಾಡಬೇಡಿ. ಆಳೆತ್ತರದ ಯುಪಟೋರಿಯಂ ಕಳೆಯ ಬುಡ ಕಿರುಬೆರಳಿನಷ್ಟೇ ಇರಬಹುದು. ಸೊಂಟದಷ್ಟು ಎತ್ತರದ ಹಳೇ ಲಂಟಾನದ ಬುಡ ಮಣಿಕಟ್ಟಿನಷ್ಟು ಇರಬಹುದು.

ಜೊತೆಗೆ ನೆಲವನ್ನು ಓದಿಕೊಳ್ಳಿ. ಗುಂಡುಕಲ್ಲು, ಹುತ್ತ, ಹಳೇ ಕಾಫಿ ಗಿಡದ ಬೊಡ್ಡೆ, ಸರ್ವೆ ಕಲ್ಲು, ನೆಲಕ್ಕೆ ಬಿದ್ದ ಬೇಲಿ ತಂತಿ, ಡ್ರಿಪ್ ಪೈಪು. ಸಿಕ್ಕಿದಲ್ಲೆಲ್ಲ ಬಟ್ಟೆ ಕಡ್ಡಿ ನೆಡಿ. ಬಾಡಿಗೆ ಡ್ರೈವರ್ ಬರುವುದಾದರೆ ಈ ಕಡ್ಡಿಗಳು ಇನ್ನೂ ಮುಖ್ಯ, ಯಾಕೆಂದರೆ ನಿಮ್ಮ ಜಾಗದಲ್ಲಿ ಎಲ್ಲಿ ಕಲ್ಲಿದೆ ಅಂತ ಅವರಿಗೆ ಗೊತ್ತಿರುವುದಿಲ್ಲ.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ದಟ್ಟ ಪೊದೆಯೊಳಗೆ ಆನೆ ನಿಂತಿರುವ ಸಾಧ್ಯತೆ ಇದ್ದೇ ಇದೆ. ಬೆಳಕು ಹರಿದ ಮೇಲೆ, ಇಬ್ಬರು ಮೂವರು ಸೇರಿ, ಹಿಂದಿನ ರಾತ್ರಿ ಆನೆ ಓಡಾಡಿದೆಯೇ ಅಂತ ಅಕ್ಕಪಕ್ಕದ ತೋಟದಲ್ಲಿ ವಿಚಾರಿಸಿಯೇ ಇಳಿಯಿರಿ. ಮರದಲ್ಲಿ ಹೆಜ್ಜೇನು, ಪೊದೆಯಲ್ಲಿ ಕಣಜದ ಗೂಡು ಇದೆಯೇ ಅಂತಲೂ ತಲೆ ಎತ್ತಿ ನೋಡಿ. ಯಂತ್ರದ ಸದ್ದಿಗೆ ಅವು ಎದ್ದರೆ ಟ್ರ್ಯಾಕ್ಟರ್ ಮೇಲೆ ಕೂತವರಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ.

ಹಂತ 2: ಕೈಯಲ್ಲಿ ತೆಗೆಯುವುದನ್ನು ಮೊದಲೇ ತೆಗೆಯಿರಿ

4 ಸೆಂ.ಮೀ ಕಚ್ಚಿನಲ್ಲಿ ಕೂರದ ಕಾಂಡಗಳನ್ನು ಫ್ಲೇಲ್ ಮೋವರ್‌ಗೆ ಬಿಡಬೇಡಿ. ಮಚ್ಚಿನಲ್ಲೋ ಚೈನ್‌ಸಾದಲ್ಲೋ ಕತ್ತರಿಸಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಬಗ್ಗಲು ಬೇಸರವಾಗಿ ಮೊಣಕಾಲೆತ್ತರಕ್ಕೆ ಕಡಿಯುವುದು. ಆ ಮೋಟು ನೇರ ರೋಟರಿಗೆ ಹೊಡೆಯುತ್ತದೆ. ಕಡಿದರೆ ನೆಲಮಟ್ಟಕ್ಕೆ ಕಡಿಯಿರಿ.

ದೊಡ್ಡ ಲಂಟಾನ ಬುಡಗಳಿಗೆ ಪಿಕಾಸಿ ಹಾಕಿ, ನೆಲಮಟ್ಟದಿಂದ 3ರಿಂದ 5 ಸೆಂ.ಮೀ ಕೆಳಗೆ ತಾಯಿಬೇರನ್ನೇ ಕತ್ತರಿಸಿ, ಬುಡವನ್ನು ತಲೆಕೆಳಗಾಗಿ ಬಿಸಿಲಿಗೆ ಬಿಟ್ಟರೆ ಅದು ಮತ್ತೆ ಚಿಗುರುವುದಿಲ್ಲ. ಬರೀ ಮೇಲೆ ಕೊಚ್ಚಿದರೆ ಬುಡದಿಂದ ಹತ್ತಾರು ಚಿಗುರು ಏಳುತ್ತವೆ.

ಮರ ಅನ್ನಿಸುವಂಥದ್ದೇನಾದರೂ ಇದ್ದರೆ ಮುಟ್ಟುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. ಸ್ವಂತ ಜಮೀನಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ.

ತಂತಿಯನ್ನು ಪೂರ್ತಿ ಸುತ್ತಿ ತೆಗೆಯಿರಿ. ಕಲ್ಲು ಸಿಕ್ಕಿದರೆ ಒಂದು ಬ್ಲೇಡ್ ಹೋಗಬಹುದು. ತಂತಿ ಸಿಕ್ಕಿದರೆ ರೋಟರಿಗೆ ಸುತ್ತಿಕೊಂಡು ಬೇರಿಂಗ್ ಸೀಲನ್ನೇ ಹರಿಯುತ್ತದೆ, ತುಂಡಾಗಿ ಹಾರಿದರೆ ಆಳಿಗೇ ಚುಚ್ಚುತ್ತದೆ.

ಹಂತ 3: ಟ್ರ್ಯಾಕ್ಟರ್ ತಡೆಯುತ್ತದೆಯೇ ನೋಡಿ

ಎಂಜಿನ್ ಎಚ್‌ಪಿ ಎಷ್ಟೋ ಅಷ್ಟೇ ಪಿಟಿಒಗೆ, ಅಂದರೆ ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಟ್ರ್ಯಾಕ್ಟರ್ ಶಾಫ್ಟಿಗೆ, ಸಿಗುವುದಿಲ್ಲ. ಸಾಮಾನ್ಯವಾಗಿ 10–15% ಕಡಿಮೆ ಇರುತ್ತದೆ. 45 ಎಚ್‌ಪಿ ಟ್ರ್ಯಾಕ್ಟರಿಗೆ ಒಂದೂವರೆ ಮೀಟರ್ ಅಗಲದ ಹ್ಯಾಮರ್ ಮೋವರ್ ಸರಿಹೋಗುತ್ತದೆ (ಹ್ಯಾಮರ್, ವೈ ಬ್ಲೇಡ್ ಅಂದರೆ ಏನು ಅಂತ ಹಂತ 4ರಲ್ಲಿದೆ). ತೋಟದ ಸಣ್ಣ ಟ್ರ್ಯಾಕ್ಟರಿಗೆ ಒಂದು, ಒಂದೂಕಾಲು ಮೀಟರಿನ ವೈ ಬ್ಲೇಡ್ ಮೋವರ್ ಸಾಕು. ಸಣ್ಣ ಟ್ರ್ಯಾಕ್ಟರಿಗೆ ಭಾರದ ಹ್ಯಾಮರ್ ಕಟ್ಟಿದರೆ ಪೊದೆಗೆ ನುಗ್ಗಿದ ತಕ್ಷಣ ಸುತ್ತು ಇಳಿಯುತ್ತದೆ. ಸುತ್ತು ಇಳಿದ ಹ್ಯಾಮರ್ ಕಾಂಡವನ್ನು ಮುರಿಯುವುದಿಲ್ಲ, ಸಿಪ್ಪೆ ಸುಲಿದು ಬಿಡುತ್ತದೆ.

ಪಿಟಿಒ ನಿಮಿಷಕ್ಕೆ 540 ಸುತ್ತಿನಲ್ಲಿ ಓಡಬೇಕು. ಮೀಟರಿನಲ್ಲಿ ಆ ಗುರುತು ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ಎಂಜಿನ್ ನಿಧಾನವಾಗಿ ಓಡಿದರೂ 540 ಕೊಡುವ ಎಕಾನಮಿ ಪಿಟಿಒ ಹುಲ್ಲಿಗೆ ಪರವಾಗಿಲ್ಲ, ಪೊದೆಗೆ ಬೇಡ. ಹಿಮ್ಮುಖ ತಿರುಗುವ ರಿವರ್ಸ್ ಪಿಟಿಒ, ಚಕ್ರದ ವೇಗಕ್ಕೆ ತಕ್ಕಂತೆ ತಿರುಗುವ ಗ್ರೌಂಡ್ ಸ್ಪೀಡ್ ಪಿಟಿಒ ಎರಡನ್ನೂ ಮುಟ್ಟಲೇಬೇಡಿ.

ಇನ್ನೊಂದು ವಿಷಯವನ್ನು ಯಾರೂ ಕೇಳುವುದಿಲ್ಲ. ಸಿಂಗಲ್ ಕ್ಲಚ್ ಟ್ರ್ಯಾಕ್ಟರಿನಲ್ಲಿ ಕ್ಲಚ್ ಒತ್ತಿದರೂ ಸುತ್ತುತ್ತಿರುವ ರೋಟರ್ ತನ್ನ ವೇಗದಲ್ಲೇ ಗೇರ್‌ಬಾಕ್ಸನ್ನು ತಿರುಗಿಸಿ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ. ರೋಟರ್ ಭಾರವಾದಷ್ಟೂ ಈ ತಳ್ಳು ಜಾಸ್ತಿ. ಮೋವರ್ ಗೇರ್‌ಬಾಕ್ಸಿನಲ್ಲೋ ಶಾಫ್ಟಿನಲ್ಲೋ, ಒಂದೇ ದಿಕ್ಕಿಗೆ ಶಕ್ತಿ ದಾಟಿಸುವ ಓವರ್‌ರನ್ನಿಂಗ್ ಕ್ಲಚ್ ಇದೆಯೇ ಅಂತ ಖಚಿತ ಮಾಡಿಕೊಳ್ಳಿ. ಎಂಜಿನ್ ಬಂದ್ ಮಾಡಿ, ರೋಟರ್ ಪೂರ್ತಿ ನಿಂತ ಮೇಲೆ ಪಿಟಿಒ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಒಂದು ಕಡೆಗೆ ರೋಟರಿನ ಭಾರ ಕೈಗೆ ಹತ್ತಬೇಕು, ಇನ್ನೊಂದು ಕಡೆಗೆ ಸಲೀಸಾಗಿ ಜಾರಬೇಕು. ಇಲ್ಲದಿದ್ದರೆ ಅದನ್ನು ಹಾಕಿಸದೆ ಹ್ಯಾಮರ್ ಕಡೆ ಹೋಗಬೇಡಿ.

ಹಂತ 4: ಈಗ ಬ್ಲೇಡ್ ಆರಿಸಿ

ವೈ ಬ್ಲೇಡ್. ಬಾಗಿದ ಎರಡು ಪಟ್ಟಿಗಳು ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಬೋಲ್ಟಿಗೆ ನೇತಾಡುತ್ತವೆ. ಹಗುರ, ಬೇಗ ಕತ್ತರಿಸುತ್ತದೆ, ಕಡಿಮೆ ಶಕ್ತಿ ಕೇಳುತ್ತದೆ. ಹುಲ್ಲು, ಕಾಂಗ್ರೆಸ್ ಗಿಡ, ಎಳೆ ಯುಪಟೋರಿಯಂ, ಕಳೆದ ವರ್ಷವಷ್ಟೇ ಚಿಗುರಿದ ಲಂಟಾನ, ಅಂದರೆ 2 ಸೆಂ.ಮೀ ಕಚ್ಚಿನೊಳಗಿನ ಎಲ್ಲದಕ್ಕೂ ಇದೇ ಸಾಕು. ಅಡಿಕೆ, ತೆಂಗಿನ ಸಾಲಿನ ನಡುವೆ ವರ್ಷಕ್ಕೆ ಎರಡು ಮೂರು ಸಲ ಹೊಡೆಯುವವರು ಬೇರೆ ಬ್ಲೇಡಿಗೆ ಸುಮ್ನೆ ದುಡ್ಡು ಹಾಕಬೇಡಿ. ಇದರ ದೌರ್ಬಲ್ಯ ಕಲ್ಲು ಮತ್ತು ಒಣಗಿದ ಗಟ್ಟಿ ಕಾಂಡ. ತೆಳುವಾದ ರೆಕ್ಕೆ ಬಾಗುತ್ತದೆ, ಅಂಚು ಚಕ್ಕೆ ಏಳುತ್ತದೆ.

ವೈ ಜೊತೆಗೆ ನಡುವೆ ನೇರ ಬ್ಲೇಡ್. ಕೆಲವು ರೋಟರುಗಳಲ್ಲಿ ಎರಡು ರೆಕ್ಕೆಗಳ ನಡುವೆ ಮೂರನೆಯದಾಗಿ ಒಂದು ನೇರ ಪಟ್ಟಿ ಹಾಕಲು ಜಾಗವಿರುತ್ತದೆ. ಉದ್ದನೆಯ ಬಳ್ಳಿ, ಎತ್ತರದ ಹುಲ್ಲು ರೋಟರಿಗೆ ಸುತ್ತಿಕೊಳ್ಳುವ ಮೊದಲೇ ತುಂಡಾಗುತ್ತದೆ, ಚೂರೂ ಸಣ್ಣದಾಗುತ್ತದೆ. ಮಳೆಗಾಲ ಮುಗಿದ ಮೇಲೆ ಬಳ್ಳಿ ಹೆಣೆದುಕೊಂಡ ಮಲೆನಾಡಿನ ಜಾಗಕ್ಕೆ ಇದು ನನಗೆ ತುಂಬಾ ಇಷ್ಟದ ಜೋಡಿ. ಆದರೆ ದಪ್ಪ ಕಾಂಡಕ್ಕೆ ಇದು ಉತ್ತರವಲ್ಲ. ನಟ್ಟು ಕಟ್ಟಿದ ಮೇಲೂ ಮೂರೂ ಬ್ಲೇಡ್ ಸಲೀಸಾಗಿ ಆಡುವಷ್ಟು ಅಗಲ ಬ್ರಾಕೆಟ್‌ನಲ್ಲಿ ಇದ್ದರೆ ಮಾತ್ರ ಹಾಕಿ.

ಹ್ಯಾಮರ್. ಬಡಿದು ಮಾಡಿದ ಭಾರದ ಉಕ್ಕಿನ ಗಟ್ಟಿ. ಕತ್ತರಿಸುವುದಕ್ಕಿಂತ ಚಚ್ಚಿ ಸೀಳುವುದು ಇದರ ಕೆಲಸ. 2ರಿಂದ 4 ಸೆಂ.ಮೀ ಕಾಂಡ, ಹಳೇ ಲಂಟಾನ, ಕಡೂರು–ಅರಸೀಕೆರೆ ಕಡೆಯ ಜಾಲಿ ಪೊದೆ ಇದರ ಪಾಲು. ಸಣ್ಣ ಕಲ್ಲು ತಗುಲಿದರೆ ಹಿಂದಕ್ಕೆ ಮಡಚಿಕೊಂಡು ಮತ್ತೆ ಚಾಚಿಕೊಳ್ಳುತ್ತದೆ, ವೈಗಿಂತ ಹೆಚ್ಚು ಏಟು ತಾಳುತ್ತದೆ. ಹಾಗಂತ ಕಲ್ಲಿನ ನೆಲಕ್ಕೆ ಲೈಸನ್ಸ್ ಸಿಕ್ಕಿತು ಅಂದುಕೊಳ್ಳಬೇಡಿ. ಹ್ಯಾಮರ್ ಕೆಡದೇ ಇರಬಹುದು, ಆದರೆ ಅದು ಎಸೆಯುವ ಕಲ್ಲು ವೈ ಎಸೆಯುವಷ್ಟೇ ದೂರ ಹೋಗುತ್ತದೆ. ಹಸಿ ಹುಲ್ಲಿಗೆ ಹ್ಯಾಮರ್ ಹಾಕಿದರೆ ಕೆಲಸ ಒರಟು, ಡೀಸೆಲ್ ಜಾಸ್ತಿ.

ಅಗಲ ಬಾಯಿಯ ಬ್ಲೇಡ್. ಚಮಚದ ಹಾಗೆ ಬಾಗಿದ ಇದು ಹುಲ್ಲುಹಾಸಿಗೆ, ಮೈದಾನಕ್ಕೆ. ಪೊದೆಗೆ ಬೇಡ.

ಜಾಗದಲ್ಲಿ ಎಲ್ಲವೂ ಮಿಶ್ರವಾಗಿದ್ದರೆ ಏನು ಮಾಡುವುದು ಅಂತ ಕೇಳುತ್ತೀರಿ, ಅಲ್ವಾ? ನನ್ನ ಅಭಿಪ್ರಾಯ ಸ್ಪಷ್ಟ. ಪಾಳು ಜಾಗವನ್ನು ಮೊದಲ ಸಲ ಬಿಡಿಸಲು ಹ್ಯಾಮರ್ ಇರುವ ಯಂತ್ರವನ್ನು ಬಾಡಿಗೆಗೆ ತನ್ನಿ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ, ಸುತ್ತಮುತ್ತಲ ಬಾಡಿಗೆಯವರಲ್ಲಿ ವಿಚಾರಿಸಿ. ಸ್ವಂತಕ್ಕೆ ಕೊಳ್ಳುವುದಾದರೆ ವೈ ಬ್ಲೇಡಿನದನ್ನು ಕೊಳ್ಳಿ, ಯಾಕೆಂದರೆ ಮುಂದಿನ ವರ್ಷಗಳಲ್ಲಿ ನಿಮಗೆ ಬೇಕಾಗುವುದು ಅದೇ.

ಈಗ ಅತಿ ದುಬಾರಿ ತಪ್ಪಿನ ಬಗ್ಗೆ. ವೈ ರೋಟರಿಗೇ ಹ್ಯಾಮರ್ ಕಟ್ಟುವುದು. ಲೆಕ್ಕ ನೋಡಿ. ರೋಟರ್ ನಿಮಿಷಕ್ಕೆ 2000 ಸುತ್ತು ಹಾಕುತ್ತದೆ, ಬ್ಲೇಡ್ ತುದಿ ಸುತ್ತುವ ವೃತ್ತ 40 ಸೆಂ.ಮೀ ಅಗಲ ಅಂತಿಟ್ಟುಕೊಳ್ಳಿ. ತುದಿಯ ವೇಗ ಗಂಟೆಗೆ ಸುಮಾರು 150 ಕಿ.ಮೀ. ಆ ವೇಗದಲ್ಲಿ 400 ಗ್ರಾಂ ತೂಕದ ವೈ ಜೋಡಿ ತನ್ನ ಬೋಲ್ಟನ್ನು ಸುಮಾರು 300 ಕೆಜಿ ಭಾರ ನೇತುಹಾಕಿದಷ್ಟು ಜೋರಾಗಿ ಹೊರಕ್ಕೆ ಎಳೆಯುತ್ತದೆ. ಒಂದು ಕೆಜಿ ಹ್ಯಾಮರ್ ಎಳೆಯುವುದು 750 ಕೆಜಿಯಷ್ಟು. ಬೋಲ್ಟ್, ಅದು ಕೂತ ಬ್ರಾಕೆಟ್, ಬ್ರಾಕೆಟಿನ ವೆಲ್ಡಿಂಗ್ ಎಲ್ಲವೂ 300ಕ್ಕೆ ಮಾಡಿದ್ದಾದರೆ ಏನಾಗುತ್ತದೆ? ತೂತು ಕೂರುತ್ತದೆ ಅನ್ನುವುದು ಸಾಲದು. ನಿಮ್ಮ ರೋಟರ್ ಎರಡೂ ಬಗೆಯ ಬ್ಲೇಡಿಗೆ ಮಾಡಿದ್ದು ಅಂತ ಯಂತ್ರದ ಪುಸ್ತಕದಲ್ಲಿ ಇದ್ದರೆ ಮಾತ್ರ ಬದಲಿಸಿ.

ಹಂತ 5: ತೂಗಿ, ಜೋಡಿಸಿ

ಸಾಮಾನು: ಗ್ರಾಂ ತೋರಿಸುವ ತಕ್ಕಡಿ, ಸರಿಯಾದ ಅಳತೆಯ ಸ್ಪ್ಯಾನರ್, ತಂತಿ ಬ್ರಷ್, ಸೀಮೆಸುಣ್ಣ, ಎರಡು ದಪ್ಪ ಮರದ ದಿಮ್ಮಿ.

ಎಂಜಿನ್ ಬಂದ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಪಿಟಿಒ ಶಾಫ್ಟ್ ಬಿಚ್ಚಿ. ಮೋವರ್ ಎತ್ತಿ ಕೆಳಗೆ ದಿಮ್ಮಿ ಕೊಡಿ. ಹೈಡ್ರಾಲಿಕ್ ನಂಬಿ ಕೆಳಗೆ ಕೈ ಹಾಕಬೇಡಿ.

ಹೊಸ ಬ್ಲೇಡುಗಳನ್ನೂ ಒಂದೊಂದಾಗಿ ತೂಗಿ. ಒಂದೇ ಪೆಟ್ಟಿಗೆಯವು ಒಂದೇ ತೂಕ ಇರುತ್ತವೆ ಅನ್ನುವ ನಂಬಿಕೆ ಬೇಡ. ಪ್ರತಿಯೊಂದರ ಬೆನ್ನಿಗೆ ಸೀಮೆಸುಣ್ಣದಲ್ಲಿ ತೂಕ ಬರೆದು ಸಾಲಾಗಿ ಇಡಿ. ಎದುರು ಬದುರು ಕೂರುವ ಜೋಡಿಗಳಲ್ಲಿ ನಾನು 10 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಿಡುವುದಿಲ್ಲ. ಸಣ್ಣದರ ಮೇಲೆ ಇಷ್ಟು ಗಲಾಟೆ ಯಾಕೆ ಅನ್ನಿಸಬಹುದು. ಮೇಲಿನ ಲೆಕ್ಕದಲ್ಲೇ 50 ಗ್ರಾಂ ವ್ಯತ್ಯಾಸ ಅಂದರೆ ರೋಟರನ್ನು ಒಂದು ಕಡೆಗೆ 38 ಕೆಜಿಯಷ್ಟು ಬಲದಿಂದ, ಸೆಕೆಂಡಿಗೆ 33 ಸಲ ಜಗ್ಗಿದ ಹಾಗೆ. ಬೇರಿಂಗ್ ಹೋಗುವುದು ಹೀಗೆ.

ಒಂದು ಬ್ಲೇಡ್ ಮುರಿದರೆ ಅದರ ಎದುರಿನದನ್ನೂ ಬದಲಿಸಿ. ಒಂದು ಹೊಸದು, ಒಂದು ಸವೆದದ್ದು ಎದುರೆದುರು ಕೂರಬಾರದು.

ಬೋಲ್ಟಿನ ತಲೆ ಮೇಲೆ ಅದರ ಗಟ್ಟಿತನದ ದರ್ಜೆ 8.8 ಅಥವಾ 10.9 ಅಂತ ಕೆತ್ತಿರುತ್ತದೆ. ಹಳೆಯದರ ಮೇಲೆ ಯಾವುದಿದೆಯೋ ಅದನ್ನೇ ತನ್ನಿ. ತಲೆ ನುಣ್ಣಗಿರುವ, ಏನೂ ಕೆತ್ತದ ಬೋಲ್ಟನ್ನು ಬಾಗಿಲಿಗೆ, ಗೇಟಿಗೆ ಬಳಸಿ, ಇಲ್ಲಿಗೆ ಬೇಡ. ರೊಟವೇಟರ್ ಬೋಲ್ಟ್ ಹಾಕುವ ಚಾಳಿ ನಮ್ಮ ಕಡೆ ಜಾಸ್ತಿ. ರೊಟವೇಟರ್ ನಿಮಿಷಕ್ಕೆ ಸುಮಾರು 200 ಸುತ್ತು ಹಾಕುತ್ತದೆ, ಅದರ ಬ್ಲೇಡ್ ಬಿಗಿಯಾಗಿ ಕೂರುತ್ತದೆ. ಇಲ್ಲಿ ಹತ್ತು ಪಟ್ಟು ವೇಗ, ಬ್ಲೇಡ್ ಬೋಲ್ಟಿನ ಮೇಲೆ ಆಡುತ್ತಿರಬೇಕು. ಎರಡೂ ಬೇರೆ ಕೆಲಸದ ಬೋಲ್ಟು.

ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ ಒಮ್ಮೆ ಬಿಚ್ಚಿದ ಮೇಲೆ ಹೊಸದನ್ನೇ ಹಾಕಿ. ಬಿಗಿ ಮಾಡಿದ ಮೇಲೆ ಪ್ರತಿ ಬ್ಲೇಡನ್ನೂ ಬೆರಳಲ್ಲಿ ಎತ್ತಿ ಬಿಡಿ. ತನ್ನ ಭಾರಕ್ಕೇ ಕೆಳಗೆ ಬೀಳಬೇಕು. ಎತ್ತಿದಲ್ಲೇ ನಿಂತರೆ ಅದು ಕಲ್ಲಿಗೆ ಮಡಚಿಕೊಳ್ಳುವುದಿಲ್ಲ, ಏಟು ಪೂರ್ತಿ ರೋಟರಿಗೆ ಹೋಗುತ್ತದೆ.

ಹಂತ 6: ಖಾಲಿ ಓಡಿಸಿ ನೋಡಿ

ಕಲ್ಲಿಲ್ಲದ ಜಾಗದಲ್ಲಿ, ಹಿಂದಿನ ಪರದೆ ಮುಚ್ಚಿ, ಮೋವರನ್ನು ಕೆಲಸದ ಎತ್ತರಕ್ಕೆ ಇಳಿಸಿ. ಎಂಜಿನ್ ನಿಧಾನದಲ್ಲಿರುವಾಗಲೇ ಪಿಟಿಒ ಹಾಕಿ. ರೇಸ್ ಕೊಟ್ಟು ಹಾಕಿದರೆ ಬೆಲ್ಟ್ ಸುಡುತ್ತದೆ. ನಿಧಾನವಾಗಿ 540ಕ್ಕೆ ಏರಿಸಿ ಐದು ನಿಮಿಷ ಬಿಡಿ. ಮಡ್‌ಗಾರ್ಡ್ ನಡುಗಿದರೆ, ಸೀಟಿನಲ್ಲಿ ಝುಂ ಅನ್ನಿಸಿದರೆ ಹಂತ 5ಕ್ಕೆ ವಾಪಸ್. ಓಡಿಸುತ್ತಾ ಸರಿಹೋಗುತ್ತದೆ ಅಂತ ಪೊದೆಗೆ ಇಳಿಯಬೇಡಿ.

ಹಂತ 7: ಕೊಚ್ಚುವ ಕ್ರಮ

ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಒಳ್ಳೆ ಸಮಯ. ನೆಲ ಗಟ್ಟಿಯಾಗಿರುತ್ತದೆ, ಕಾಂಡ ಇನ್ನೂ ಹಸಿಯಿರುತ್ತದೆ. ಹಸಿ ಕಾಂಡ ಬೇಗ ಸೀಳುತ್ತದೆ. ಫೆಬ್ರವರಿ–ಮಾರ್ಚ್‌ಗೆ ಬಿಟ್ಟರೆ ಒಣ ಚೂರು ನೆಲದ ತುಂಬ ಹರಡಿಕೊಂಡು ಬೆಂಕಿಯ ಭಯ.

ಆಳುಗಳು, ದನ, ದಾರಿಹೋಕರು ಕನಿಷ್ಠ 100 ಮೀಟರ್ ಆಚೆ ಇರಲಿ. ರಸ್ತೆ ಪಕ್ಕದಲ್ಲಿ ಹೊಡೆಯುವಾಗ ಎರಡೂ ಕಡೆ ಒಬ್ಬೊಬ್ಬರನ್ನು ಇದೇ ದೂರದಲ್ಲಿ ನಿಲ್ಲಿಸಿ, ಗಾಡಿ ಬಂದರೆ ಪಿಟಿಒ ನಿಲ್ಲಿಸಿ.

1. ಮೊದಲ ಸುತ್ತು ನೆಲದಿಂದ 20–30 ಸೆಂ.ಮೀ ಎತ್ತರದಲ್ಲಿ. ಇದು ಪೊದೆಯ ತಲೆ ಇಳಿಸುವ, ಅಡಗಿದ ಕಲ್ಲು, ಬೊಡ್ಡೆ ಕಾಣಿಸಿಕೊಳ್ಳುವ ಸುತ್ತು. ಸಣ್ಣ ಗೇರ್, ಗಂಟೆಗೆ 2 ಕಿ.ಮೀ ಆಸುಪಾಸು. ಮೋವರಿನ ಪೂರ್ತಿ ಅಗಲ ಪೊದೆಗೆ ಕೊಡಬೇಡಿ, ಅರ್ಧದಿಂದ ಶುರುಮಾಡಿ.

2. ನಿಲ್ಲಿಸಿ, ಇಳಿದು, ಕಂಡ ಕಲ್ಲು ತೆಗೆಯಿರಿ. ಈ ಹಂತವನ್ನು ಹಾರಿಸುವವರೇ ಬ್ಲೇಡ್ ಮುರಿದುಕೊಳ್ಳುವುದು.

3. ಎರಡನೇ ಸುತ್ತು ಮೊದಲಿನದಕ್ಕೆ ವಿರುದ್ಧ ದಿಕ್ಕಿನಿಂದ, 8–10 ಸೆಂ.ಮೀ ಎತ್ತರದಲ್ಲಿ. ಟ್ರ್ಯಾಕ್ಟರ್ ಮುಂಭಾಗ ಬಗ್ಗಿಸಿದ ಕಾಂಡಗಳು ಮೋವರ್ ಕೆಳಗೆ ನುಸುಳಿ ಮತ್ತೆ ಎದ್ದು ನಿಂತಿರುತ್ತವೆ. ಎದುರು ದಿಕ್ಕಿನಿಂದ ಬಂದರೆ ಅವು ಸಿಗುತ್ತವೆ. 5 ಸೆಂ.ಮೀ ಕೆಳಗೆ ಇಳಿಸಬೇಡಿ. ಬ್ಲೇಡ್ ಮಣ್ಣು ಮುಟ್ಟಿದರೆ ಮರಳಿಗೆ ಉಜ್ಜಿದಂತೆ ಸವೆಯುತ್ತದೆ.

ಇಳಿಜಾರಿನಲ್ಲಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋಗಿ. ಅಡ್ಡ ಹೋಗಬೇಡಿ. ಪೊದೆ ಮುಚ್ಚಿದ ಜಾಗದಲ್ಲಿ ಹಳೇ ಕಾಫಿ ಗುಂಡಿ, ನೀರಿಂಗಲು ತೋಡಿದ ತೊಟ್ಟಿಲುಗುಂಡಿ ಕಾಣುವುದಿಲ್ಲ, ಒಂದು ಚಕ್ರ ಇಳಿದರೆ ಟ್ರ್ಯಾಕ್ಟರ್ ಮಗುಚುತ್ತದೆ.

ಪೊದೆಗೆ ಸಿಕ್ಕಿಕೊಂಡಾಗ ರೋಟರ್ ಓಡುತ್ತಿರುವಾಗಲೇ ಮೋವರ್ ಮೇಲೆತ್ತುವುದು ಅತಿ ಅಪಾಯ. ಅಡಿ ತೆರೆದುಕೊಂಡು ಕಲ್ಲು, ಬ್ಲೇಡ್ ತುಂಡು ನೇರ ಹಾರುತ್ತವೆ, ಶಾಫ್ಟಿನ ಕೀಲಿನ ಕ್ರಾಸೂ ಮುರಿಯುತ್ತದೆ. ಮೊದಲು ಪಿಟಿಒ ಬಿಡಿ, ರೋಟರ್ ಪೂರ್ತಿ ನಿಲ್ಲುವವರೆಗೆ ಕಾಯಿರಿ, ಆಮೇಲೆ ಎತ್ತಿ.

ಹಂತ 8: ಈ ಲಕ್ಷಣ ಕಂಡರೆ ತಕ್ಷಣ ನಿಲ್ಲಿಸಿ

ಟಕ್ ಟಕ್ ಅಂತ ತಾಳಬದ್ಧ ಸದ್ದು ಬಂದರೆ ಒಂದು ಬ್ಲೇಡ್ ಸಡಿಲವಾಗಿದೆ ಅಥವಾ ಬಾಗಿ ಒಳಗಿನ ತಗಡಿಗೆ ಬಡಿಯುತ್ತಿದೆ. ಇದ್ದಕ್ಕಿದ್ದಂತೆ ನಡುಕ ಶುರುವಾದರೆ ಬ್ಲೇಡ್ ಹಾರಿಹೋಗಿದೆ ಅಂತಲೇ ತಿಳಿಯಿರಿ, ಸಾಲು ಮುಗಿಸಿ ನೋಡುತ್ತೇನೆ ಅನ್ನಬೇಡಿ.

ಹಿಂದೆ ತಿರುಗಿ ನೋಡಿದಾಗ ಬೈತಲೆ ತೆಗೆದ ಹಾಗೆ ಉದ್ದಕ್ಕೆ ಒಂದು ಗೆರೆ ಕತ್ತರಿಸದೆ ಉಳಿದಿದ್ದರೆ ಆ ಜಾಗದ ಬ್ಲೇಡ್ ಇಲ್ಲ. ಕಾಂಡ ತುಂಡಾಗದೆ ಸಿಪ್ಪೆ ಮಾತ್ರ ಸುಲಿದಿದ್ದರೆ ಸುತ್ತು ಕಡಿಮೆ, ಅಥವಾ ಅಂಚು ಮೊಂಡಾಗಿದೆ, ಅಥವಾ ವೈ ಬ್ಲೇಡಿಗೆ ಮೀರಿದ ದಪ್ಪ. ರಬ್ಬರ್ ಸುಟ್ಟ ವಾಸನೆ ಬಂದರೆ ಬೆಲ್ಟ್ ಜಾರುತ್ತಿದೆ. ಬೆಲ್ಟ್ ಬಿಗಿ ಮಾಡುವ ಮೊದಲು ಟ್ರ್ಯಾಕ್ಟರ್ ಮುಂದೆ ಸಾಗುವ ವೇಗ ಇಳಿಸಿ ನೋಡಿ, ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಹಂತ 9: ಕೆಲಸ ಮುಗಿದ ಮೇಲೆ

ಸಂಜೆ ರೋಟರಿಗೆ ಸುತ್ತಿದ ಬಳ್ಳಿ ಬಿಡಿಸಿ, ಬೇರಿಂಗಿಗೆ ಗ್ರೀಸ್ ಕೊಡಿ, ನಟ್ಟುಗಳನ್ನು ನೋಡಿ. ವೈ ಬ್ಲೇಡ್ ಎರಡೂ ಕಡೆ ಅಂಚಿರುವುದಾದರೆ ಒಂದು ಕಡೆ ಮೊಂಡಾದಾಗ ತಿರುಗಿಸಿ ಹಾಕಿ, ಎಲ್ಲವನ್ನೂ ಒಟ್ಟಿಗೆ ತಿರುಗಿಸಿ. ಸಾಣೆ ಹಿಡಿದರೆ ನೀಲಿ ಬಣ್ಣ ಬರುವಷ್ಟು ಬಿಸಿ ಮಾಡಬೇಡಿ, ಉಕ್ಕಿನ ಗಟ್ಟಿತನ ಹೋಗುತ್ತದೆ. ಸಾಣೆ ಆದ ಮೇಲೆ ಮತ್ತೆ ತೂಗಿ. ಸವೆದ ಬ್ಲೇಡಿಗೆ ವೆಲ್ಡಿಂಗ್ ತುಂಬಿಸುವುದು ಬೇಡವೇ ಬೇಡ. ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಬಿರುಕು ಕಂಡರೆ ಗುಜರಿಗೆ ಹಾಕಿ.

ಕೊಚ್ಚಿದ ಲಂಟಾನದ ಚೂರಿಗೆ ದನ ಬಿಡಬೇಡಿ. ಅದು ದನಕ್ಕೆ ವಿಷ, ಪಿತ್ತಜನಕಾಂಗ ಕೆಟ್ಟು ಬಿಸಿಲಿಗೆ ಚರ್ಮ ಸುಲಿಯುತ್ತದೆ.

ಮುಂಗಾರಿನ ಮೊದಲ ಮಳೆಗೆ ಬುಡಗಳು ಚಿಗುರುತ್ತವೆ. ಚಿಗುರು ಮೊಣಕಾಲೆತ್ತರ ಬಂದಾಗ, ಮಳೆ ಬಿಡುವು ಕೊಟ್ಟು ನೆಲ ಟ್ರ್ಯಾಕ್ಟರ್ ತಡೆಯುವಂತಿದ್ದರೆ, ವೈ ಬ್ಲೇಡಿನಲ್ಲಿ ಒಮ್ಮೆ ಹೊಡೆಯಿರಿ. ನೆಲ ಹಸಿಯಿದ್ದರೆ ಆ ಸುತ್ತನ್ನು ಕೈ ವೀಡ್ ಕಟರಿನಲ್ಲಿ ಮುಗಿಸಿ. ಕಾಂಡ 2 ಸೆಂ.ಮೀ ಕಚ್ಚು ದಾಟಲು ಬಿಟ್ಟರೆ ಮತ್ತೆ ಹ್ಯಾಮರ್ ಬಾಡಿಗೆ ಕೊಡಬೇಕಾಗುತ್ತದೆ.